ಸರ್ಕಾರ ನಂಬದ ಶಿಶು: ಡಾ. ಸುಭಾಷ್ ಮುಖೋಪಾಧ್ಯಾಯರ ಬದುಕು

1978ರ ಸೆಪ್ಟೆಂಬರ್ ಕೊನೆಯ ವಾರ ಪಶ್ಚಿಮ ಬಂಗಾಳವನ್ನು ಭೀಕರ ನೆರೆ ಆವರಿಸಿತ್ತು. ಕಲ್ಕತ್ತಾದ ಬೀದಿಗಳೂ ಜಲಾವೃತವಾಗಿದ್ದವು. ಆ ಸಂಕಟದ ನಡುವೆಯೇ ನಗರ ದುರ್ಗಾಪೂಜೆಗೆ ಅಣಿಯಾಗುತ್ತಿದ್ದಾಗ, ಅಕ್ಟೋಬರ್ 3ರಂದು, ಅಲ್ಲಿ ಹೆಣ್ಣು ಮಗುವೊಂದು ಜನಿಸಿತು. ಹಬ್ಬದ ದಿನಗಳಲ್ಲಿ ಹುಟ್ಟಿದ ಆ ಮಗುವನ್ನು ಲೋಕ ದುರ್ಗಾ ಎಂಬ ಹೆಸರಿನಿಂದ ಗುರುತಿಸಿತು. ಎಲ್ಲ ಮಕ್ಕಳಂತೆ ಅತ್ತ, ಎಲ್ಲ ಮಕ್ಕಳಂತೆ ಹಾಲು ಕುಡಿದ ಈ ಶಿಶುವಿನ ಹುಟ್ಟಿನಲ್ಲಿ ಒಂದೇ ಒಂದು ವಿಶೇಷವಿತ್ತು. ಅದು ಮೊದಲು ಜೀವ ತಳೆದದ್ದು ತಾಯಿಯ ಒಡಲಲ್ಲಿ ಅಲ್ಲ, ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ.

ಅದಕ್ಕೆ ಮೊದಲು ಜಗತ್ತಿನಲ್ಲಿ ಅಂಥ ಮಗು ಹುಟ್ಟಿದ್ದು ಒಂದೇ ಬಾರಿ. ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಅದೇ ವರ್ಷದ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿದ್ದಳು. ಎರಡೂ ಜನನಗಳ ನಡುವಿನ ಅಂತರ ಕೇವಲ 70 ದಿನ. ಇಂಗ್ಲೆಂಡಿನ ಸಾಧನೆಯ ಶಿಲ್ಪಿಗಳಾದ ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ ಜಗದ್ವಿಖ್ಯಾತರಾದರು. ಎಡ್ವರ್ಡ್ಸ್ 2010ರಲ್ಲಿ ನೊಬೆಲ್ ಪುರಸ್ಕಾರವನ್ನೂ ಪಡೆದರು. ಕಲ್ಕತ್ತಾದ ಸಾಧಕನ ಪಾಲಿಗೆ ಬಂದದ್ದು ವಿಚಾರಣಾ ಸಮಿತಿ ಮತ್ತು ವರ್ಗಾವಣೆಯ ಆದೇಶ. ದುರ್ಗಾಳಿಗೆ ಮೂರು ವರ್ಷ ತುಂಬುವ ಮೊದಲೇ ಅವರು ಬದುಕಿಗೆ ವಿದಾಯ ಹೇಳಿದ್ದರು.

ಆ ಸಾಧಕ ಡಾ. ಸುಭಾಷ್ ಮುಖೋಪಾಧ್ಯಾಯ. ಇಂಗ್ಲಿಷ್ ಬರಹಗಳಲ್ಲಿ ಮುಖರ್ಜಿ ಎಂದೇ ಹೆಚ್ಚು ಪರಿಚಿತರು. ಅವರು ಹುಟ್ಟಿದ್ದು 1931ರ ಜನವರಿ 16ರಂದು, ಇಂದು ಜಾರ್ಖಂಡ್‌ಗೆ ಸೇರಿರುವ ಹಜಾರಿಬಾಗ್‌ನಲ್ಲಿ. ಓದಿದ್ದು ಕಲ್ಕತ್ತಾದಲ್ಲಿ. 1949ರಲ್ಲಿ ಶರೀರಕ್ರಿಯಾಶಾಸ್ತ್ರದಲ್ಲಿ ಪದವಿ, 1955ರಲ್ಲಿ ವೈದ್ಯಕೀಯ ಪದವಿ. ವೈದ್ಯರಾದವರು ಸಾಮಾನ್ಯವಾಗಿ ಹಿಡಿಯುವ ದಾರಿಯನ್ನು ಹಿಡಿದಿದ್ದರೆ ಅವರು ನಗರದ ಯಾವುದಾದರೂ ಬೀದಿಯಲ್ಲಿ ಹೆರಿಗೆ ಆಸ್ಪತ್ರೆಯೊಂದನ್ನು ತೆರೆದು ನೆಮ್ಮದಿಯಿಂದ ಇರಬಹುದಿತ್ತು. ಆದರೆ ಅವರ ಮನಸ್ಸು ರೋಗಿಯ ಹಾಸಿಗೆಗಿಂತ ಹೆಚ್ಚಾಗಿ ರೋಗದ ಮೂಲದ ಕಡೆಗೆ ವಾಲಿತ್ತು. ಗರ್ಭ ಧರಿಸಿದ ಸ್ತ್ರೀಯ ದೇಹದಲ್ಲಿ ಆಗುವ ರಾಸಾಯನಿಕ ಬದಲಾವಣೆಗಳನ್ನು ಅಭ್ಯಸಿಸಿ 1958ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ಪ್ರೊ. ಸಚ್ಚಿದಾನಂದ ಬ್ಯಾನರ್ಜಿ.

ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಎಡಿನ್‌ಬರೋಗೆ ತೆರಳಿ, ಹಾರ್ಮೋನುಗಳ ಅಳತೆಯಲ್ಲಿ ಹೆಸರಾಂತ ವಿಜ್ಞಾನಿಯಾಗಿದ್ದ ಜಾನ್ ಲೊರೇನ್ ಅವರ ಬಳಿ ಸಂಶೋಧನೆ ಕೈಗೊಂಡರು. ಲೊರೇನ್ ಅವರ ಘಟಕ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಅಲ್ಲಿನ ಸಾರ್ವಜನಿಕರ ತೆರಿಗೆ ಹಣದ ಆಶ್ರಯದಲ್ಲಿ ನಡೆಯುತ್ತಿದ್ದ ಸಂಸ್ಥೆ. ಅಂಡಾಣು ಬಲಿತು ಬಿಡುಗಡೆಯಾಗಲು ಕಾರಣವಾಗುವ ಲ್ಯೂಟಿನೈಸಿಂಗ್ ಹಾರ್ಮೋನನ್ನು ಅಳೆಯುವ ವಿಧಾನದ ಮೇಲೆ ಕೆಲಸ ಮಾಡಿ 1967ರಲ್ಲಿ ಎರಡನೆಯ ಡಾಕ್ಟರೇಟ್ ಗಳಿಸಿದರು. ಆ ಕಾಲದಲ್ಲಿ ಇಂಥ ಅರ್ಹತೆಯುಳ್ಳ ಭಾರತೀಯ ವೈದ್ಯ ವಿಲಾಯತಿಯಲ್ಲೇ ಉಳಿದುಬಿಡುವುದು ಯಾರಿಗೂ ಅಚ್ಚರಿ ತರುತ್ತಿರಲಿಲ್ಲ. ಮುಖೋಪಾಧ್ಯಾಯರು ಅದೇ ವರ್ಷ ಮರಳಿ ಬಂದರು. ಕಲ್ಕತ್ತಾದ ನೀಲ್ ರತನ್ ಸರ್ಕಾರ್ ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಅಧ್ಯಾಪಕರಾದರು. ಪತ್ನಿ ನಮಿತಾ ಶಾಲಾ ಶಿಕ್ಷಕಿ. ದಂಪತಿಗೆ ಮಕ್ಕಳಿರಲಿಲ್ಲ.

1975ರಲ್ಲಿ ಅವರು ಬಾಂಕುರಾದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಹೋದರು. ಬಾಂಕುರಾ ಎಂದರೆ ಸುಟ್ಟ ಮಣ್ಣಿನ ಕುದುರೆಗಳಿಗೆ ಹೆಸರಾದ ಕೆಮ್ಮಣ್ಣಿನ ಸೀಮೆ. ಕಲ್ಕತ್ತಾದಿಂದ ಇನ್ನೂರು ಕಿಲೋಮೀಟರಿಗೂ ದೂರ. ಪಾಠಕ್ಕೆ ಅಲ್ಲಿ, ಸಂಶೋಧನೆಗೆ ಇಲ್ಲಿ ಎಂಬಂತಾಯಿತು ಅವರ ಬದುಕು. ಸಂಶೋಧನೆಯ ಸ್ಥಳವಾದರೂ ಎಂಥದು? ಕಲ್ಕತ್ತಾದ ಸದರ್ನ್ ಅವೆನ್ಯೂದಲ್ಲಿದ್ದ ಅವರ ಪುಟ್ಟ ಮನೆಯೇ ಪ್ರಯೋಗಾಲಯ. ಸರ್ಕಾರ ಅವರಿಗೆ ಕೊಡುತ್ತಿದ್ದದ್ದು ಅಧ್ಯಾಪಕನ ಸಂಬಳ. ಪ್ರಯೋಗಕ್ಕೆ ಬೇಕಾದದ್ದನ್ನು ಅವರೇ ಹೊಂದಿಸಿಕೊಳ್ಳಬೇಕಿತ್ತು.

ಆದರೆ ಅವರು ಒಂಟಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಜನಪ್ರಿಯ ಕಥನಗಳು ಈ ಸಂಗತಿಯನ್ನು ಹೆಚ್ಚಾಗಿ ಮರೆಯುತ್ತವೆ. ಜಾದವ್‌ಪುರ ವಿಶ್ವವಿದ್ಯಾಲಯದ ಸುನೀತ್ ಮುಖರ್ಜಿ ಆಹಾರ ತಂತ್ರಜ್ಞಾನದ ಪ್ರಾಧ್ಯಾಪಕರಾಗಿದ್ದರು. ಜೀವಕೋಶಗಳನ್ನು ಕೊಲ್ಲದೆ ಹೆಪ್ಪುಗಟ್ಟಿಸುವ ಶೈತ್ಯ ಜೀವವಿಜ್ಞಾನ ಅವರ ಪರಿಣತಿ. ಸ್ತ್ರೀರೋಗ ತಜ್ಞ ಡಾ. ಸರೋಜ್‌ಕಾಂತಿ ಭಟ್ಟಾಚಾರ್ಯ ಶಸ್ತ್ರಚಿಕಿತ್ಸೆಯ ಹೊಣೆ ಹೊತ್ತಿದ್ದರು. ಹಾರ್ಮೋನು ಬಲ್ಲ ಒಬ್ಬರು, ಹೆಪ್ಪುಗಟ್ಟಿಸುವುದನ್ನು ಬಲ್ಲ ಒಬ್ಬರು, ಕತ್ತರಿ ಹಿಡಿಯಬಲ್ಲ ಒಬ್ಬರು. ಮೂವರೂ ಸೇರಿದಾಗಲೇ ಆ ಕೆಲಸ ಸಾಧ್ಯವಾಯಿತು. ಮನೆಯ ರೆಫ್ರಿಜರೇಟರಿನಲ್ಲಿ ಭ್ರೂಣವನ್ನಿಟ್ಟು ಮಗುವನ್ನು ಸೃಷ್ಟಿಸಿದ ಮಾಂತ್ರಿಕನ ಕಥೆ ಕೇಳಲು ಸೊಗಸು. ಆದರೆ ಅದೇ ಕಥೆ ಮುಂದೆ ಅವರ ವಿರುದ್ಧದ ಅಸ್ತ್ರವೂ ಆಯಿತು. ಅಡುಗೆಮನೆಯ ರೆಫ್ರಿಜರೇಟರಿನಲ್ಲಿ ಮಾನವ ಭ್ರೂಣ ಬದುಕಿ ಉಳಿಯಲಾರದು ಎಂಬುದು ಆ ಮೂವರಿಗೂ ಚೆನ್ನಾಗಿಯೇ ಗೊತ್ತಿತ್ತು.

ಅವರು ಮಾಡಿದ್ದೇನು ಎಂಬುದನ್ನು ಕೊಂಚ ವಿವರವಾಗಿ ನೋಡಬೇಕು. ಅವರ ಹಿರಿಮೆ ಇರುವುದು ಎರಡನೆಯವರಾದದ್ದರಲ್ಲಿ ಅಲ್ಲ, ಬೇರೆಯೇ ದಾರಿ ಹಿಡಿದದ್ದರಲ್ಲಿ.

ಮಗುವಿನ ತಾಯಿಯ ಅಂಡನಾಳಗಳು ಹಾಳಾಗಿದ್ದವು. ಅಂಡಾಶಯದಿಂದ ಹೊರಟ ಅಂಡಾಣು ವೀರ್ಯಾಣುವನ್ನು ಸಂಧಿಸುವ ಹಾದಿಯೇ ಅಲ್ಲಿ ಮುಚ್ಚಿತ್ತು. ಇಂಥವರಿಗೆ ಅಂಡಾಣುವನ್ನು ಹೊರತೆಗೆದು, ಹೊರಗೇ ಫಲಗೊಳಿಸಿ, ಮರಳಿ ಗರ್ಭಕೋಶದಲ್ಲಿ ಇರಿಸುವುದೊಂದೇ ಉಪಾಯ. ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಮೊದಲು ಹಾರ್ಮೋನು ಕೊಟ್ಟು ಹೆಚ್ಚು ಅಂಡಾಣುಗಳನ್ನು ಬೆಳೆಸಲು ಯತ್ನಿಸಿ ಸೋತಿದ್ದರು. ಕೊನೆಗೆ ಅವರು ಹಾರ್ಮೋನಿನ ಗೊಡವೆಯೇ ಬೇಡವೆಂದು, ಸಹಜ ಋತುಚಕ್ರದಲ್ಲಿ ಬಲಿಯುವ ಒಂದೇ ಒಂದು ಅಂಡಾಣುವನ್ನು ಹೊಟ್ಟೆಯ ಮೂಲಕ ಲ್ಯಾಪರೋಸ್ಕೋಪ್ ತೂರಿಸಿ ತೆಗೆದರು. ಲೂಯಿಸ್ ಬ್ರೌನ್ ಹುಟ್ಟಿದ್ದು ಹಾಗೆ. ಒಂದು ತಿಂಗಳಿಗೆ ಒಂದೇ ಅವಕಾಶ. ಗಳಿಗೆ ತಪ್ಪಿದರೆ ಮತ್ತೊಂದು ತಿಂಗಳು ಕಾಯಬೇಕು.

ಮುಖೋಪಾಧ್ಯಾಯರು ಹಾರ್ಮೋನನ್ನು ಕೈಬಿಡಲಿಲ್ಲ. ಎಷ್ಟಾದರೂ ಅದು ಅವರು ಎಡಿನ್‌ಬರೋದಲ್ಲಿ ಅರೆದು ಕುಡಿದಿದ್ದ ವಿಷಯ. ಗೊನಾಡೋಟ್ರೋಪಿನ್ ಎಂಬ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಒಂದೇ ಚಕ್ರದಲ್ಲಿ ಹಲವು ಅಂಡಾಣುಗಳು ಬಲಿಯುವಂತೆ ಮಾಡಿದರು. ಹೊಟ್ಟೆಯನ್ನು ಮುಟ್ಟದೆ, ಯೋನಿಮಾರ್ಗದ ಹಿಂಬದಿಯಲ್ಲಿ ಸಣ್ಣ ಛೇದನ ಮಾಡಿ ಆ ಅಂಡಾಣುಗಳನ್ನು ಹೀರಿ ತೆಗೆಯಲಾಯಿತು. ಪ್ರಯೋಗಾಲಯದಲ್ಲಿ ಅವು ಫಲಗೊಂಡು ವಿಭಜನೆಯಾಗತೊಡಗಿದವು.

ಇಲ್ಲಿಂದ ಮುಂದೆ ಅವರು ಇಟ್ಟ ಹೆಜ್ಜೆಯೇ ಅತ್ಯಂತ ಧೈರ್ಯದ್ದು. ಹಾರ್ಮೋನಿನ ಪ್ರಚೋದನೆಗೆ ಒಳಗಾದ ಚಕ್ರದಲ್ಲಿ ಗರ್ಭಕೋಶದ ಒಳಪದರ ಭ್ರೂಣವನ್ನು ಸ್ವೀಕರಿಸಲು ಅನುಕೂಲವಾದ ಸ್ಥಿತಿಯಲ್ಲಿ ಇರದೆ ಹೋಗಬಹುದು. ಹಾಗಾದರೆ ಭ್ರೂಣವನ್ನು ಕಾಯಿಸಿದರಾಯಿತು, ಗರ್ಭಕೋಶ ತನ್ನ ಸಹಜ ಲಯಕ್ಕೆ ಮರಳಲಿ ಎಂಬುದು ಅವರ ತರ್ಕ. ಎಂಟು ಕೋಶಗಳ ಹಂತದ ಭ್ರೂಣಗಳನ್ನು, ಡೈಮಿಥೈಲ್ ಸಲ್ಫಾಕ್ಸೈಡ್ ಎಂಬ ರಕ್ಷಕ ದ್ರಾವಣದ ನೆರವಿನಿಂದ ನಿಧಾನವಾಗಿ ಹೆಪ್ಪುಗಟ್ಟಿಸಲಾಯಿತು. ಕೋಶದೊಳಗಿನ ನೀರು ಮಂಜಿನ ಹರಳಾಗಿ ಕೋಶವನ್ನೇ ಸೀಳಿಬಿಡದಂತೆ ತಡೆಯುವುದು ಆ ದ್ರಾವಣದ ಕೆಲಸ. 53 ದಿನಗಳು ಕಳೆದ ಮೇಲೆ ಭ್ರೂಣಗಳನ್ನು ಕರಗಿಸಿ ತಾಯಿಯ ಗರ್ಭಕೋಶದಲ್ಲಿ ಇರಿಸಿದರು. ಅವುಗಳಲ್ಲಿ ಒಂದು ಬೇರೂರಿತು. ಅದೇ ದುರ್ಗಾ.

ಇದರ ತೂಕ ಎಷ್ಟೆಂದು ತಿಳಿಯಬೇಕಾದರೆ ಮುಂದಿನ ವರ್ಷಗಳ ಲೆಕ್ಕ ನೋಡಬೇಕು. ಗೊನಾಡೋಟ್ರೋಪಿನ್ ಬಳಸಿ ಪ್ರನಾಳ ಶಿಶುವನ್ನು ಪಡೆದ ಅಮೆರಿಕದ ಮೊದಲ ಪ್ರಯತ್ನ ಫಲಿಸಿದ್ದು 1981ರ ಡಿಸೆಂಬರಿನಲ್ಲಿ, ವರ್ಜೀನಿಯಾದ ನಾರ್ಫೋಕ್‌ನಲ್ಲಿ. ಹೆಪ್ಪುಗಟ್ಟಿಸಿದ ಭ್ರೂಣದಿಂದ ಗರ್ಭಧಾರಣೆಯಾದ ವರದಿ ಆಸ್ಟ್ರೇಲಿಯದ ಅಲನ್ ಟ್ರೌನ್ಸನ್ ಅವರಿಂದ ಬಂದದ್ದು 1983ರಲ್ಲಿ. ಅಂಥ ಮಗು ಮೆಲ್ಬರ್ನ್‌ನಲ್ಲಿ ಹುಟ್ಟಿದ್ದು 1984ರಲ್ಲಿ. ಇಂದು ಜಗತ್ತಿನ ಯಾವುದೇ ಬಂಜೆತನ ಚಿಕಿತ್ಸಾ ಕೇಂದ್ರಕ್ಕೆ ಹೋದರೂ ಹಾರ್ಮೋನು ಕೊಡುವುದು, ಯೋನಿಮಾರ್ಗದಿಂದ ಅಂಡಾಣು ತೆಗೆಯುವುದು, ಭ್ರೂಣವನ್ನು ಹೆಪ್ಪುಗಟ್ಟಿಸಿ ಬೇರೊಂದು ಚಕ್ರದಲ್ಲಿ ವರ್ಗಾಯಿಸುವುದು ದಿನನಿತ್ಯದ ಕ್ರಮ. ಅಂದರೆ ಲೋಕ ಕೊನೆಗೆ ಹಿಡಿದ ದಾರಿ ಓಲ್ಡ್‌ಹ್ಯಾಮ್‌ನದಲ್ಲ, ಕಲ್ಕತ್ತಾದ್ದು. ಆದರೆ ಆ ದಾರಿಯನ್ನು ಲೋಕ ಕಲ್ಕತ್ತಾದಿಂದ ಕಲಿಯಲಿಲ್ಲ.

ಕಲಿಯಲು ಬಿಡಲಿಲ್ಲ ಎನ್ನುವುದೇ ಹೆಚ್ಚು ಸರಿ.

ಮಗು ಹುಟ್ಟಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಕ್ಟೋಬರ್ 19ರಂದು ಮುಖೋಪಾಧ್ಯಾಯರು ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಿಗೆ ತಮ್ಮ ಕೆಲಸದ ಕುರಿತು ವರದಿ ಸಲ್ಲಿಸಿದರು. ಆದರೆ ಇಲಾಖೆಗಿಂತ ಮೊದಲು ಪತ್ರಿಕೆಗಳಿಗೆ ಸುದ್ದಿ ಹೋದದ್ದೇ ದೊಡ್ಡ ಅಪರಾಧವಾಗಿ ಕಂಡಿತು. ಸರ್ಕಾರಿ ನೌಕರನೊಬ್ಬ, ಅದರಲ್ಲೂ ಜಿಲ್ಲಾ ಕಾಲೇಜಿನ ಶರೀರಕ್ರಿಯಾಶಾಸ್ತ್ರದ ಮೇಷ್ಟರು, ಬ್ರಿಟಿಷ್ ವಿಜ್ಞಾನಿಗಳ ಬೆನ್ನಲ್ಲೇ ಇಂಥ ಸಾಹಸ ಮಾಡಿರಲು ಸಾಧ್ಯವೇ ಎಂಬ ಅನುಮಾನ ಸಹೋದ್ಯೋಗಿಗಳಲ್ಲೇ ಮೂಡಿತು. ಅನುಮಾನಕ್ಕೆ ಅಸೂಯೆಯೂ ಬೆರೆತಿತ್ತು ಎಂಬುದನ್ನು ಅವರ ಬದುಕನ್ನು ಕುರಿತು ಬರೆದ ಬಹುತೇಕರು ಒಪ್ಪುತ್ತಾರೆ.

ನವೆಂಬರ್ 18ರಂದು ರಾಜ್ಯ ಸರ್ಕಾರ ತಜ್ಞರ ಸಮಿತಿಯೊಂದನ್ನು ನೇಮಿಸಿತು. ತಜ್ಞರೇನೋ ಹೌದು, ಆದರೆ ಯಾವುದರಲ್ಲಿ? ಸಮಿತಿಯ ನೇತೃತ್ವ ವಹಿಸಿದವರು ರೇಡಿಯೋ ಭೌತಶಾಸ್ತ್ರದ ಪ್ರಾಧ್ಯಾಪಕರು. ಮಾನವ ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಅನುಭವವುಳ್ಳ ಒಬ್ಬರೂ ಅದರಲ್ಲಿ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಆ ಕಾಲಕ್ಕೆ ಭಾರತದಲ್ಲಿ ಅಂಥ ಅನುಭವವಿದ್ದವರು ಯಾರಾದರೂ ಇದ್ದರೆ, ಅವರು ಸಮಿತಿಯ ಮೇಜಿನ ಈಚೆ ಬದಿಯಲ್ಲಿ ಪ್ರಶ್ನೆಗಳಿಗೆ ಉತ್ತರಿಸುತ್ತ ಕುಳಿತಿದ್ದರು.

ಸಮಿತಿಯ ಪಕ್ಷವನ್ನೂ ಸ್ವಲ್ಪ ಹೇಳಬೇಕು. ಸರ್ಕಾರಿ ವೈದ್ಯರೊಬ್ಬರು ಅಸಾಧಾರಣವಾದುದನ್ನು ಸಾಧಿಸಿದ್ದೇನೆ ಎಂದಾಗ ಪುರಾವೆ ಕೇಳುವುದು ತಪ್ಪಲ್ಲ. ಮಾನವ ಭ್ರೂಣದ ಪ್ರಶ್ನೆ ಬಂದಾಗಲಂತೂ ಕೇಳದಿರುವುದೇ ತಪ್ಪು. ಮುಖೋಪಾಧ್ಯಾಯರು ಪ್ರಕಟಿಸಿದ್ದಾದರೂ ಬಹಳ ಕಡಿಮೆ. ಭ್ರೂಣಗಳನ್ನು ಹೆಪ್ಪುಗಟ್ಟಿಸಿದ ಕುರಿತು ಮೂವರೂ ಸೇರಿ ಬರೆದ ಕಿರು ವರದಿಯೊಂದು 1978ರಲ್ಲಿ ಇಂಡಿಯನ್ ಜರ್ನಲ್ ಆಫ್ ಕ್ರಯೋಜೆನಿಕ್ಸ್ ಪತ್ರಿಕೆಯಲ್ಲಿ ಬಂದಿತ್ತು. ಅತಿಶೀತ ತಂತ್ರಜ್ಞಾನದ ಆ ಪತ್ರಿಕೆಯನ್ನು ಸ್ತ್ರೀರೋಗ ತಜ್ಞರು ಓದುವ ಸಂಭವ ಎಷ್ಟಿತ್ತೆಂದು ಊಹಿಸಬಹುದು. ಇನ್ನು ಎಲ್ಲಕ್ಕಿಂತ ದೊಡ್ಡ ಪುರಾವೆಯಾದ ಮಗುವನ್ನು ಮುಂದಿಡುವಂತೆಯೂ ಇರಲಿಲ್ಲ. ಸಂಪ್ರದಾಯಸ್ಥ ಕುಟುಂಬದ ಆ ತಂದೆತಾಯಿ ತಮ್ಮ ಹೆಸರು ಬಹಿರಂಗವಾಗುವುದನ್ನು ಬಯಸಲಿಲ್ಲ. ಗಾಜಿನ ಪಾತ್ರೆಯಲ್ಲಿ ಹುಟ್ಟಿದವಳು ಎಂಬ ಮಾತು ಮಗಳನ್ನು ಜೀವನವಿಡೀ ಬೆನ್ನಟ್ಟುವುದೆಂಬ ಭಯ ಅವರದು. ವೈದ್ಯರು ಆ ಗುಟ್ಟನ್ನು ಕಾಪಾಡಿದರು. ಅದಕ್ಕೆ ತೆತ್ತ ಬೆಲೆ ಅವರ ಸ್ವಂತದ್ದು.

ಪುರಾವೆ ಕೇಳಿದ್ದು ತಪ್ಪಲ್ಲವಾದರೂ ಕೇಳಿದ ರೀತಿ ಮತ್ತು ತೀರ್ಪು ಕೊಟ್ಟ ರೀತಿ ಎರಡೂ ಅನ್ಯಾಯದ್ದು. ಪ್ರಯೋಗವನ್ನು ಮತ್ತೆ ಮಾಡಿ ತೋರಿಸಿ ಎನ್ನಬಹುದಿತ್ತು. ಅದಕ್ಕೆ ಪ್ರಯೋಗಾಲಯ ಕೊಡಬಹುದಿತ್ತು. ದೆಹಲಿಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊರೆ ಹೋಗಬಹುದಿತ್ತು. ವಿದೇಶದ ಬಲ್ಲವರಿಗೆ ಕಾಗದಗಳನ್ನು ಕಳಿಸಬಹುದಿತ್ತು. ಯಾವುದೂ ಆಗಲಿಲ್ಲ. ಅವರ ಹೇಳಿಕೆ ನಂಬಲರ್ಹವಲ್ಲ ಎಂದು ಸಮಿತಿ ಷರಾ ಬರೆಯಿತು. ದೊಡ್ಡ ದೊಡ್ಡ ಸಂಸ್ಥೆಗಳಿಗೆ ಆಗದ್ದು ಒಂದು ಪುಟ್ಟ ಮನೆಯಲ್ಲಿ, ಕೆಲವು ಸಾಮಾನ್ಯ ಉಪಕರಣ ಮತ್ತು ಒಂದು ರೆಫ್ರಿಜರೇಟರಿನಿಂದ ಆದೀತೇ ಎಂಬುದೇ ಮುಖ್ಯ ಆಕ್ಷೇಪವಾಗಿತ್ತು. ಸಂಶೋಧನೆಗೆ ಸೌಲಭ್ಯವನ್ನೇ ಕೊಡದ ವ್ಯವಸ್ಥೆ, ಸೌಲಭ್ಯವಿಲ್ಲದೆ ಸಂಶೋಧನೆ ಮಾಡಿದ್ದನ್ನೇ ಸುಳ್ಳಿಗೆ ಸಾಕ್ಷಿಯಾಗಿ ಹಿಡಿಯಿತು.

ಇದೇ ಹೊತ್ತಿಗೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ವಾನರ ಸಂಶೋಧನಾ ಸಂಸ್ಥೆ ತನ್ನಲ್ಲಿಗೆ ಬಂದು ಈ ಕೆಲಸವನ್ನು ವಿವರಿಸುವಂತೆ ಅವರನ್ನು ಆಹ್ವಾನಿಸಿತು. ಬಲ್ಲವರ ಮುಂದೆ ತಮ್ಮ ವಾದ ಮಂಡಿಸಲು ಅವರಿಗೆ ಸಿಕ್ಕ ಸದವಕಾಶವದು. 1979ರ ಆರಂಭದ ಆ ಪ್ರಯಾಣಕ್ಕೆ ಸರ್ಕಾರ ಅನುಮತಿ ಕೊಡಲಿಲ್ಲ. ಮನೆಯಲ್ಲಿ ತೀರ್ಪು ಪ್ರತಿಕೂಲ, ಹೊರಗೆ ಮೇಲ್ಮನವಿಗೆ ದಾರಿಯಿಲ್ಲ.

ಇಂಗ್ಲೆಂಡಿನಲ್ಲಿ ಆದದ್ದನ್ನು ಇದಕ್ಕೆ ಹೋಲಿಸಿ ನೋಡುವುದು ಉಪಯುಕ್ತ. ಅಲ್ಲೂ ಸರ್ಕಾರದ ಹಣ ಎಡ್ವರ್ಡ್ಸ್ ಅವರನ್ನು ಹರಸಿರಲಿಲ್ಲ. 1971ರಲ್ಲಿ ಅವರು ಮತ್ತು ಸ್ಟೆಪ್ಟೋ ದೀರ್ಘಾವಧಿಯ ನೆರವು ಕೋರಿ ಸಲ್ಲಿಸಿದ ಅರ್ಜಿಯನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ತಿರಸ್ಕರಿಸಿತ್ತು. ಸುರಕ್ಷತೆಯ ಕುರಿತ ಆತಂಕ, ನೈತಿಕತೆಯ ಕುರಿತ ಹಿಂಜರಿಕೆ, ಜನಸಂಖ್ಯೆ ಏರುತ್ತಿರುವಾಗ ಬಂಜೆತನಕ್ಕೆ ಇಷ್ಟೊಂದು ಖರ್ಚೇಕೆ ಎಂಬ ಭಾವನೆ, ಎಲ್ಲವೂ ಆ ನಿರಾಕರಣೆಯ ಹಿಂದಿದ್ದವು. ಇಬ್ಬರೂ ಖಾಸಗಿ ದೇಣಿಗೆಯ ಬಲದಿಂದ ಕೆಲಸ ಮುಂದುವರಿಸಿದರು. ಆದರೆ ಹಣ ಕೊಡದ ಆ ಮಂಡಳಿ ಅವರ ಬಾಯಿ ಕಟ್ಟಲಿಲ್ಲ, ವರ್ಗಾವಣೆ ಮಾಡಲಿಲ್ಲ, ವಿದೇಶದ ವೇದಿಕೆ ಏರುವುದನ್ನು ತಡೆಯಲಿಲ್ಲ. ಮಗು ಹುಟ್ಟಿದ ಮೇಲೆ ತನ್ನ ನಿಲುವನ್ನು ಬದಲಿಸಿಕೊಂಡಿತು ಕೂಡ. ಭಾರತದ ಜನಸಂಖ್ಯೆಯ ಚಿಂತೆ ಇನ್ನೂ ದೊಡ್ಡದು. ತುರ್ತುಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳ ನೆನಪು ಮಾಸಿರದ ದೇಶದಲ್ಲಿ, ಮಕ್ಕಳಿಲ್ಲದವರಿಗೆ ಮಕ್ಕಳನ್ನು ಕೊಡುವ ವಿಜ್ಞಾನಕ್ಕೆ ಆದ್ಯತೆ ಸಿಗುವುದು ಕಷ್ಟವೇ ಇತ್ತು.

ಮುಖೋಪಾಧ್ಯಾಯರ ಆರೋಗ್ಯ ಕೆಟ್ಟಿತು. ಹೃದಯದ ತೊಂದರೆ ಕಾಣಿಸಿಕೊಂಡಿತು. 1981ರ ಜೂನ್ ತಿಂಗಳಲ್ಲಿ ಮತ್ತೊಂದು ವರ್ಗಾವಣೆಯ ಆದೇಶ ಕೈಸೇರಿತು. ಕಲ್ಕತ್ತಾದ ಪ್ರಾದೇಶಿಕ ನೇತ್ರವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರೋಫಿಸಿಯಾಲಜಿ ಪ್ರಾಧ್ಯಾಪಕರ ಹುದ್ದೆ. ಎರಡು ದಶಕಕ್ಕೂ ಹೆಚ್ಚು ಕಾಲ ಗರ್ಭ, ಹಾರ್ಮೋನು, ಭ್ರೂಣಗಳನ್ನು ಅಭ್ಯಸಿಸಿದ ವಿಜ್ಞಾನಿ ಇನ್ನು ಮುಂದೆ ಕಣ್ಣಿನ ವಿಷಯ ನೋಡಿಕೊಳ್ಳಬೇಕು. ಕಡತದಲ್ಲಿ ಅದು ಸಾಮಾನ್ಯ ಆದೇಶ. ಪಡೆದವರ ಪಾಲಿಗೆ ಸಂಶೋಧನೆಯ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ. ಜೂನ್ 19ರಂದು ಅವರು ತಮ್ಮ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆಗ ಅವರ ವಯಸ್ಸು 50. ಶಾಲೆಯಿಂದ ಮನೆಗೆ ಮರಳಿದ ನಮಿತಾ ಅವರಿಗೆ ಉಳಿದದ್ದು ಪತಿಯ ಕೈಬರಹದ ಟಿಪ್ಪಣಿಗಳು, ಪತ್ರಗಳು ಮತ್ತು ವರದಿಯ ಪ್ರತಿಗಳು.

ಬಂಗಾಳಿ ಕಾದಂಬರಿಕಾರ ರಮಾಪದ ಚೌಧುರಿ ಈ ದುರಂತವನ್ನು ಆಧರಿಸಿ ಅಭಿಮನ್ಯು ಎಂಬ ಕಾದಂಬರಿ ಬರೆದರು. ಚಕ್ರವ್ಯೂಹವನ್ನು ಹೊಕ್ಕು ಹೊರಬರಲಾರದ ವೀರನ ಹೆಸರು ಅದಕ್ಕೆ ತಕ್ಕುದೇ ಆಗಿತ್ತು. ಅದನ್ನು ಆಧರಿಸಿ ತಪನ್ ಸಿನ್ಹಾ 1990ರಲ್ಲಿ ಏಕ್ ಡಾಕ್ಟರ್ ಕೀ ಮೌತ್ ಎಂಬ ಹಿಂದಿ ಚಿತ್ರ ನಿರ್ದೇಶಿಸಿದರು. ಪಂಕಜ್ ಕಪೂರ್ ಮತ್ತು ಶಬಾನಾ ಆಜ್ಮಿ ಅಭಿನಯದ ಆ ಚಿತ್ರವನ್ನು ದೂರದರ್ಶನದ ಕಾಲದ ಕನ್ನಡ ಪ್ರೇಕ್ಷಕರೂ ನೋಡಿರಬಹುದು. ಚಿತ್ರದಲ್ಲಿ ಪ್ರನಾಳ ಶಿಶುವಿನ ಬದಲು ಕುಷ್ಠರೋಗದ ಲಸಿಕೆ ಬರುತ್ತದೆ. ಹೀಗಾಗಿ ಚಿತ್ರ ನೋಡಿ ಕಣ್ಣೀರಿಟ್ಟ ಎಷ್ಟೋ ಜನರಿಗೆ ತಾವು ಕಂಡದ್ದು ಯಾರ ಕಥೆಯೆಂದು ತಿಳಿಯದೇ ಹೋಯಿತು.

ಇತ್ತ 1986ರ ಆಗಸ್ಟ್ 6ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಹರ್ಷಾ ಎಂಬ ಹೆಣ್ಣು ಮಗು ಹುಟ್ಟಿತು. ಭಾರತದ ಮೊದಲ ಪ್ರನಾಳ ಶಿಶು ಎಂದು ದೇಶ ಸಂಭ್ರಮಿಸಿತು. ವೈದ್ಯಕೀಯ ಸಂಶೋಧನಾ ಮಂಡಳಿಯ ಅಧೀನದಲ್ಲಿದ್ದ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆ ಮತ್ತು ನಗರಪಾಲಿಕೆಯ ಆಸ್ಪತ್ರೆ ಜಂಟಿಯಾಗಿ ಕೈಗೊಂಡ ಯೋಜನೆ ಅದು. ಡಾ. ಇಂದಿರಾ ಹಿಂದುಜಾ ವೈದ್ಯೆ. ಸಂಸ್ಥೆಯ ನಿರ್ದೇಶಕ ಡಾ. ಟಿ.ಸಿ. ಆನಂದಕುಮಾರ್ ವಿಜ್ಞಾನಿ. ಪ್ರಯೋಗಾಲಯವಿತ್ತು, ಅನುದಾನವಿತ್ತು, ದಾಖಲೆಗಳಿದ್ದವು, ಪ್ರಕಟಣೆಯೂ ಆಯಿತು. ಕಲ್ಕತ್ತಾದಲ್ಲಿ ಇಲ್ಲದ ಎಲ್ಲವೂ ಇಲ್ಲಿತ್ತು. ಸಾರ್ವಜನಿಕ ಹಣ ವಿಜ್ಞಾನಕ್ಕೆ ಸರಿಯಾಗಿ ಒದಗಿದಾಗ ಏನಾಗುತ್ತದೆ ಎಂಬುದಕ್ಕೆ ಅದೊಂದು ಒಳ್ಳೆಯ ನಿದರ್ಶನ. ಇತಿಹಾಸ ಅಲ್ಲಿಗೇ ನಿಲ್ಲಬಹುದಿತ್ತು. ಮೊದಲಿಗರೆಂಬ ಕೀರ್ತಿ ಆನಂದಕುಮಾರರ ಹೆಸರಿಗೆ ಅಂಟಿಕೊಂಡೇ ಇರುತ್ತಿತ್ತು.

ಆದರೆ 1997ರಲ್ಲಿ, ಆನಂದಕುಮಾರ್ ಕಲ್ಕತ್ತಾದ ವಿಜ್ಞಾನ ಸಮ್ಮೇಳನವೊಂದಕ್ಕೆ ಹೋದಾಗ, ಮುಖೋಪಾಧ್ಯಾಯರ ಕಾಗದಪತ್ರಗಳು ಅವರ ಕೈಗೆ ಬಂದವು. ಟಿಪ್ಪಣಿಗಳನ್ನು, ಸರ್ಕಾರಕ್ಕೆ ಸಲ್ಲಿಸಿದ್ದ 1978ರ ವರದಿಯನ್ನು, ಪತ್ರವ್ಯವಹಾರವನ್ನು ಅವರು ಕೂಲಂಕಷವಾಗಿ ಓದಿದರು. ಮಗುವಿನ ತಂದೆತಾಯಿಯೊಡನೆ ಮಾತನಾಡಿದರು. ಹತ್ತೊಂಬತ್ತು ವರ್ಷಗಳ ನಂತರ ಕೊನೆಗೂ ಆ ಕೆಲಸವನ್ನು ಅದನ್ನು ಬಲ್ಲವರೊಬ್ಬರು ಪರೀಕ್ಷಿಸಿದಂತಾಯಿತು. ಹಾರ್ಮೋನಿನ ಪ್ರಮಾಣ, ಭ್ರೂಣದ ಹಂತ, ಹೆಪ್ಪುಗಟ್ಟಿಸಿದ ವಿಧಾನ ಎಲ್ಲವೂ ವಿಜ್ಞಾನಕ್ಕೆ ಹೊಂದುವಂತಿದ್ದವು. ಅಂಥ ಕೆಲಸವನ್ನು ಸ್ವತಃ ಮಾಡಿದವರಿಗೆ ಮಾತ್ರ ಆ ಟಿಪ್ಪಣಿಗಳ ಬೆಲೆ ತಿಳಿಯುವಂತಿತ್ತು.

ಆ ವರ್ಷದ ಏಪ್ರಿಲ್ 10ರ ಕರೆಂಟ್ ಸೈನ್ಸ್ ಸಂಚಿಕೆಯಲ್ಲಿ ಆನಂದಕುಮಾರರ ಲೇಖನ ಪ್ರಕಟವಾಯಿತು. ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ತಾವಲ್ಲ, ಸುಭಾಷ್ ಮುಖೋಪಾಧ್ಯಾಯರು ಎಂದು ಅವರು ಅಲ್ಲಿ ಸ್ಪಷ್ಟಪಡಿಸಿದರು. ಹರ್ಷಾ ಮೊದಲನೆಯವಳಲ್ಲ, ಹೆಚ್ಚೆಂದರೆ ವೈಜ್ಞಾನಿಕ ದಾಖಲೆಗಳ ಸಮೇತ ಹುಟ್ಟಿದ ಮೊದಲಿಗಳು. ತನ್ನ ತಲೆಯ ಮೇಲಿದ್ದ ಕಿರೀಟವನ್ನು ತಾನೇ ತೆಗೆದು, ಹದಿನಾರು ವರ್ಷಗಳ ಹಿಂದೆ ತೀರಿಕೊಂಡ, ತನಗೆ ಯಾವ ಋಣವೂ ಇಲ್ಲದ ಇನ್ನೊಬ್ಬರಿಗೆ ತೊಡಿಸುವವರು ಯಾವ ಕ್ಷೇತ್ರದಲ್ಲೂ ವಿರಳ. ಕನ್ನಡಿಗರು ನೆನಪಿಡಬೇಕಾದ ಸಂಗತಿಯೆಂದರೆ, ಆ ಲೇಖನ ಹೊರಬಂದ ಕರೆಂಟ್ ಸೈನ್ಸ್ ಬೆಂಗಳೂರಿನಿಂದಲೇ ಪ್ರಕಟವಾಗುವ ಪತ್ರಿಕೆ. ನಿವೃತ್ತಿಯ ನಂತರ ಆನಂದಕುಮಾರ್ ನೆಲೆಸಿದ್ದೂ ಬೆಂಗಳೂರಿನಲ್ಲಿಯೇ. ಬಂಜೆತನ ಚಿಕಿತ್ಸಾ ಕೇಂದ್ರವೊಂದನ್ನು ಇಲ್ಲಿ ಕಟ್ಟಿದ ಅವರು 2010ರ ಜನವರಿಯಲ್ಲಿ ತೀರಿಕೊಂಡರು.

ಮುಖೋಪಾಧ್ಯಾಯರು ಕಾಣದೇ ಹೋದ ಇನ್ನೊಂದು ಅಧ್ಯಾಯವೂ ಇದೆ. ಭ್ರೂಣವನ್ನು ಹೆಪ್ಪುಗಟ್ಟಿಸಿ ಇಡುವುದು ಸಾಧ್ಯವಾದ ಮೇಲೆ ಚಿಕಿತ್ಸೆ ಮುಗಿದ ನಂತರವೂ ಭ್ರೂಣಗಳು ಉಳಿಯತೊಡಗಿದವು. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಅಂಥ ಭ್ರೂಣಗಳಿಂದಲೇ ಮಾನವನ ಆಕರ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ದೇಹದ ಯಾವುದೇ ಬಗೆಯ ಕೋಶವಾಗಿ ಮಾರ್ಪಡಬಲ್ಲ ಈ ಸ್ಟೆಮ್ ಸೆಲ್‌ಗಳು ಮಧುಮೇಹ, ಪಾರ್ಕಿನ್‌ಸನ್, ಬೆನ್ನುಹುರಿಯ ಗಾಯಗಳ ಚಿಕಿತ್ಸೆಯ ಕುರಿತು ದೊಡ್ಡ ಆಸೆ ಹುಟ್ಟಿಸಿದವು. ಭ್ರೂಣವನ್ನು ನಾಶಮಾಡುವ ಸಂಶೋಧನೆಗೆ ಅಮೆರಿಕ ಸರ್ಕಾರದ ಹಣ ಬಳಸುವಂತಿರಲಿಲ್ಲ. ಥಾಮ್ಸನ್ ಅವರಿಗೆ ನೆರವಾದದ್ದು ಖಾಸಗಿ ಕಂಪನಿ. 2001ರ ಆಗಸ್ಟಿನಲ್ಲಿ ಅಧ್ಯಕ್ಷ ಬುಷ್, ಆಗಲೇ ಅಸ್ತಿತ್ವದಲ್ಲಿದ್ದ ಕೋಶಪಂಕ್ತಿಗಳ ಸಂಶೋಧನೆಗೆ ಮಾತ್ರ ಸರ್ಕಾರಿ ಹಣ ಎಂದು ಮಿತಿ ಹಾಕಿದರು. ಅರ್ಹ ಕೋಶಪಂಕ್ತಿಗಳನ್ನು ಹೊಂದಿರುವುದಾಗಿ ಗುರುತಿಸಲಾದ ಹತ್ತು ಪ್ರಯೋಗಾಲಯಗಳಲ್ಲಿ ಎರಡು ಭಾರತದವು. ಒಂದು ಮುಂಬಯಿಯ ಖಾಸಗಿ ಸಂಸ್ಥೆ ರಿಲಯನ್ಸ್ ಲೈಫ್ ಸೈನ್ಸಸ್. ಇನ್ನೊಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆ. ಅದರ ಆವರಣದಲ್ಲೇ ಮುಂದೆ, 2009ರಲ್ಲಿ, ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಇನ್‌ಸ್ಟೆಮ್ ಸಂಸ್ಥೆ ಆರಂಭವಾಯಿತು. ಮೂವತ್ತು ವರ್ಷಗಳ ಹಿಂದೆ ನಂಬಲರ್ಹವಲ್ಲ ಎನಿಸಿಕೊಂಡಿದ್ದ ಭ್ರೂಣದ ಕೆಲಸಕ್ಕೆ ಈಗ ಸರ್ಕಾರವೇ ಕಟ್ಟಡ ಕಟ್ಟಿ, ಅನುದಾನ ಕೊಡುವ ಕಾಲ ಬಂದಿತ್ತು.

ಜೊತೆಗೆ ನಿಯಮಗಳೂ ಬಂದವು. ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಜಂಟಿಯಾಗಿ 2007ರಲ್ಲಿ ಆಕರ ಕೋಶ ಸಂಶೋಧನೆಯ ಮಾರ್ಗಸೂಚಿ ಹೊರಡಿಸಿದವು. ಚಿಕಿತ್ಸೆಯಲ್ಲಿ ಉಳಿದ ಭ್ರೂಣಗಳನ್ನು ಬಳಸಬೇಕಾದರೆ ದಂಪತಿಯ ಒಪ್ಪಿಗೆ ಬೇಕು, ವಿಷಯ ಬಲ್ಲವರ ಸಮಿತಿಗಳು ಪ್ರಸ್ತಾವವನ್ನು ಮೊದಲೇ ಪರಿಶೀಲಿಸಬೇಕು. ಪ್ರಯೋಗಕ್ಕೆ ಮುಂಚೆ ನಡೆಯುವ ಇಂಥ ಪರಿಶೀಲನೆ 1978ರಲ್ಲಿ ಇದ್ದಿದ್ದರೆ ಕಲ್ಕತ್ತಾದ ವೈದ್ಯರು ಅದರ ಮುಂದೆ ಹಾಜರಾಗಲು ಹಿಂಜರಿಯುತ್ತಿದ್ದರು ಎನ್ನಲು ಕಾರಣವಿಲ್ಲ. ಮಗು ಹುಟ್ಟಿದ ಹದಿನಾರನೆಯ ದಿನವೇ ತಾವಾಗಿ ಸರ್ಕಾರಕ್ಕೆ ವರದಿ ಬರೆದವರು ಅವರು.

ಅಧಿಕೃತ ಮನ್ನಣೆ ಬಂದದ್ದು ತಡವಾಗಿ. ಸಹಾಯಕ ಸಂತಾನೋತ್ಪತ್ತಿ ಕೇಂದ್ರಗಳ ನಿಯಂತ್ರಣಕ್ಕಾಗಿ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿ, 1978ರ ಕಲ್ಕತ್ತಾದ ಜನನವನ್ನು ಜಗತ್ತಿನ ಎರಡನೆಯ ಪ್ರನಾಳ ಶಿಶುವಿನ ಜನನವೆಂದು ದಾಖಲಿಸಿತು.

ಅದಕ್ಕೂ ಎರಡು ವರ್ಷ ಮೊದಲು, 2003ರಲ್ಲಿ, ಮುಖೋಪಾಧ್ಯಾಯರ ಸ್ಮರಣೆಗಾಗಿ ಕಲ್ಕತ್ತಾದಲ್ಲಿ ಸಮಾರಂಭವೊಂದು ನಡೆಯಿತು. ಆ ಹೊತ್ತಿಗೆ ದುರ್ಗಾಳಿಗೆ ಇಪ್ಪತ್ತೈದು ವರ್ಷ. ಓದು ಮುಗಿಸಿ ಉದ್ಯೋಗದಲ್ಲಿದ್ದ ಆರೋಗ್ಯವಂತ ತರುಣಿ. ತಂದೆತಾಯಿ ಕಾಲು ಶತಮಾನ ಕಾಪಾಡಿಕೊಂಡು ಬಂದಿದ್ದ, ಅದಕ್ಕಾಗಿ ಒಬ್ಬ ವೈದ್ಯರು ತಮ್ಮ ಪ್ರಬಲ ಸಾಕ್ಷ್ಯವನ್ನೇ ಮುಂದಿಡದೆ ಹೋಗಿದ್ದ ಗುಟ್ಟನ್ನು ಆಕೆ ತಾನಾಗಿಯೇ ಬಿಟ್ಟುಕೊಟ್ಟಳು. ತುಂಬಿದ ಸಭೆಯ ಮುಂದೆ ನಿಂತು, ಆ ಮಗು ತಾನೇ ಎಂದು ತನ್ನ ನಿಜವಾದ ಹೆಸರನ್ನು ಹೇಳಿಕೊಂಡಳು.